ಬ್ಯಾರಕ್ ಕೋಣೆಗೆ ಟ್ರಂಕಾ, ಪ್ಲಾಸ್ಟಿಕ್ ಡಬ್ಬಾನಾ, ಇರೋ ಬೀರುವೇ ಸಾಕಾ?

ಹತ್ತಡಿಗೆ ಹನ್ನೆರಡಡಿಯ ಕೋಣೆ, ಮೂರು ಕಬ್ಬಿಣದ ಮಂಚ, ತಲೆಗೊಂದು ಕಿರಿದಾದ ಬೀರು. ಹಲಸೂರಾಗಲಿ, ಜಾಲಹಳ್ಳಿಯಾಗಲಿ, ಯಲಹಂಕವಾಗಲಿ, ಮದುವೆಯಾಗದ ಅಥವಾ ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದ ಸಿಪಾಯಿಗೆ ಬೆಂಗಳೂರಿನಲ್ಲಿ ಸಿಗುವ ಜಾಗ ಹೆಚ್ಚುಕಡಿಮೆ ಇಷ್ಟೇ. ಇದರೊಳಗೆ ಎರಡು ಮೂರು ಜೊತೆ ಕಾಂಬ್ಯಾಟ್ ಸಮವಸ್ತ್ರ, ಪಿಟಿ ಬಟ್ಟೆ, ಪರೇಡ್ ಬೂಟು, ಕ್ಯಾನ್ವಾಸ್ ಶೂ, ಜರ್ಸಿ, ಕಂಬಳಿ, ಸೊಳ್ಳೆಪರದೆ, ಬೆನ್ನಿಗೆ ಹಾಕುವ ಬಿಗ್ ಪ್ಯಾಕು, ಸ್ಮಾಲ್ ಪ್ಯಾಕು, ಮೆಸ್ ಟಿನ್ನು, ಮಗ್ಗು, ಊರಿಂದ ಅಮ್ಮ ಕಳಿಸಿದ ಚಟ್ನಿಪುಡಿ ಡಬ್ಬಿ, ಭಾನುವಾರ ಔಟ್‌ಪಾಸ್ ಸಿಕ್ಕರೆ ಹಾಕಿಕೊಳ್ಳುವ ಜೀನ್ಸು, ಎಲ್ಲವೂ ಹಿಡಿಸಬೇಕು. ಹಿಡಿಸಿದರೆ ಸಾಲದು, ಬೆಳಗಿನ ಜಾವ ದೀಪ ಹಾಕದೆ ಕೈಗೆ ಸಿಗಬೇಕು.

ಬಟ್ಟೆ ಜೋಡಿಸುವುದರ ಬಗ್ಗೆ ಹುಡುಕಿದರೆ ಸಿಗುವ ಸಲಹೆಗಳು ಇಲ್ಲಿ ಕೆಲಸಕ್ಕೆ ಬರುವುದು ಕಮ್ಮಿ. ಅವೆಲ್ಲ ಗೋಡೆ ನಿಮ್ಮದೇ ಅಂದುಕೊಂಡು ಬರೆದವು. ಬ್ಯಾರಕ್ಕಿನಲ್ಲಿ ಗೋಡೆ ಎಂಇಎಸ್‌ನದು (ಸೇನೆಯ ಕಟ್ಟಡ ನೋಡಿಕೊಳ್ಳುವ ಇಲಾಖೆ), ಬೀರು ಸರ್ಕಾರದ್ದು. ನಿಮ್ಮದು ಅಂತ ಇರುವುದು ಹೊರಡುವ ದಿನ ಜತೆಗೆ ಬರುವ ಸಾಮಾನು ಮಾತ್ರ. ಹಾಗಾಗಿ ಏನು ಕೊಳ್ಳುವ ಮೊದಲೂ ಕೇಳಿಕೊಳ್ಳಬೇಕಾದ್ದು ಒಂದೇ: ನಾಳೆ ಪೋಸ್ಟಿಂಗ್ ಆರ್ಡರ್ ಬಂದರೆ ಇದು ರೈಲು ಹತ್ತುತ್ತದಾ? ಹತ್ತದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬೇಡ. ಕೆಳಗಿನ ಹೋಲಿಕೆಯೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆಯುತ್ತದೆ. ಅದರ ಜೊತೆಗೆ ಬೆಂಗಳೂರಿನದೇ ಒಂದು ತಾಪತ್ರಯ ಇದೆ, ತೇವ. ಅದಕ್ಕೆ ಆಮೇಲೆ ಬರೋಣ.

ಇನ್ನೊಂದು ಮಾತು. ದುಡ್ಡು ಬಿಚ್ಚುವ ಮೊದಲು ನಿಮ್ಮ ಹವಾಲ್ದಾರ್ ಮೇಜರ್ ಸಾಹೇಬರನ್ನು ಕೇಳಿ. ಟ್ರೈನಿಂಗ್ ಸೆಂಟರಿನಲ್ಲಿದ್ದರಂತೂ ಯಾವ ಸಾಮಾನು ಎಲ್ಲಿರಬೇಕು, ಕಂಬಳಿ ಎಷ್ಟು ಮಡಿಕೆ, ಮಗ್ಗಿನ ಹಿಡಿ ಯಾವ ಕಡೆ ಎನ್ನುವುದನ್ನೆಲ್ಲ ತರಬೇತಿ ಕೊಡುವ ಉಸ್ತಾದರು ತೀರ್ಮಾನಿಸಿರುತ್ತಾರೆ. ಅಲ್ಲಿ ನಿಮ್ಮ ಆಯ್ಕೆ ಅಂತ ಉಳಿಯುವುದು ಟ್ರಂಕಿನ ಒಳಗಿನ ಜಾಗ ಮಾತ್ರ. ಈ ಬರಹ ಹೆಚ್ಚು ಉಪಯೋಗಕ್ಕೆ ಬರುವುದು ಟ್ರೈನಿಂಗ್ ಮುಗಿಸಿ ಯೂನಿಟ್ಟಿನ ಕೋಣೆಗೆ ಬಂದವರಿಗೆ. ಆಯುಧದ ವಿಷಯ ಇಲ್ಲಿ ಬರುವುದಿಲ್ಲ; ಅದರ ಜಾಗ ಕೋತ್ ಅನ್ನುವ ಶಸ್ತ್ರಾಗಾರ, ಕೋಣೆಯಲ್ಲ.

ಟ್ರಂಕು, ಸೂಟ್‌ಕೇಸು, ಪ್ಲಾಸ್ಟಿಕ್ ಡಬ್ಬ

ಕಪ್ಪು ತಗಡಿನ ಟ್ರಂಕು ಹಳೇ ಕಾಲದ್ದು ಅಂತ ಮೂಗು ಮುರಿಯುವ ಹುಡುಗರು ಈಗ ಜಾಸ್ತಿ. ಬಿಳಿ ಮುಚ್ಚಳದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ನೋಡಲು ಚೆಂದ, ಒಳಗೆ ಏನಿದೆ ಅಂತ ಕಾಣುತ್ತದೆ, ತುಕ್ಕು ಹಿಡಿಯುವುದಿಲ್ಲ, ಹಗುರ. ಗಾಲಿ ಇದ್ದರೆ ಮಂಚದ ಕೆಳಗಿಂದ ಒಂದೇ ಕೈಯಲ್ಲಿ ಎಳೆಯಬಹುದು. ಆದರೆ ಬೀಗ ಹಾಕಲು ಬರುವುದಿಲ್ಲ. ಮೇಲೆ ಕೂತರೆ ಮುಚ್ಚಳ ಸೀಳುತ್ತದೆ, ಬ್ಯಾರಕ್ಕಿನಲ್ಲಿ ಯಾರಾದರೂ ಕೂತೇ ಕೂರುತ್ತಾರೆ. ಮುಖ್ಯವಾಗಿ, ಸಾಗಾಟದಲ್ಲಿ ಬಾಳುವುದಿಲ್ಲ.

ರೈಲ್ವೆ ನಿಯಮದ ಪ್ರಕಾರ ಬೋಗಿಯೊಳಗೆ ಜತೆಗೊಯ್ಯುವ ಪೆಟ್ಟಿಗೆಯ ಹೊರ ಅಳತೆ 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರ ದಾಟುವಂತಿಲ್ಲ. ತ್ರೀ ಟಿಯರ್ ಎಸಿಯಲ್ಲಿ ಇನ್ನೂ ಚಿಕ್ಕದು, 55, 45, 22.5. ಸ್ಲೀಪರಿನಲ್ಲಿ ದುಡ್ಡು ಕೊಡದೆ ಒಯ್ಯಬಹುದಾದ ತೂಕ 40 ಕೆ.ಜಿ. 36 ಇಂಚಿನ ಟ್ರಂಕು ಉದ್ದದಲ್ಲಿ 91 ಸೆಂ.ಮೀ., ಅಲ್ಲಿಗೆ ಪಾಸು. ಎತ್ತರದಲ್ಲಿ ಫೇಲು. ಅಂದರೆ ಪೋಸ್ಟಿಂಗಿಗೆ ಹೊರಟಾಗ ಟ್ರಂಕು ಬ್ರೇಕ್ ವ್ಯಾನಿಗೆ, ಅಂದರೆ ರೈಲಿನ ಸಾಮಾನಿನ ಬೋಗಿಗೆ, ಬುಕ್ ಆಗಿ ಹೋಗಬೇಕಾದ ಸಾಮಾನು. ಅಲ್ಲಿ ಅದರ ಮೇಲೆ ಇನ್ನೊಬ್ಬರ ಟ್ರಂಕು, ಅದರ ಮೇಲೊಂದು ಮೋಟರ್ ಸೈಕಲ್ಲಿನ ಪಾರ್ಸೆಲ್ಲು. ತಗಡು ತಡೆದುಕೊಳ್ಳುತ್ತದೆ, ಪ್ಲಾಸ್ಟಿಕ್ಕು ಚೂರಾಗಿ ಬರುತ್ತದೆ. ಸೂಟ್‌ಕೇಸಿನ ಲೆಕ್ಕ ಬೇರೆ. ಅದು ರಜೆಗೆ ಸರಿ. ಮಂಚದ ಕೆಳಗೆ ಇಟ್ಟು ದಿನಕ್ಕೆರಡು ಸಲ ತೆಗೆದು ಹಾಕಿದರೆ ಜಿಪ್ಪು ಮೊದಲು ಹೋಗುತ್ತದೆ, ಆಮೇಲೆ ಗಾಲಿ.

ಹಾಗಾಗಿ ನನ್ನ ಮತ ಟ್ರಂಕಿಗೆ. ಯಾವ ಟ್ರಂಕು ಎನ್ನುವುದರಲ್ಲೇ ಜನ ಎಡವುವುದು.

36 ಇಂಚಿನದು ದೊಡ್ಡದು, ಎಲ್ಲಾ ಹಿಡಿಸುತ್ತದೆ ಎನ್ನುವ ಆಸೆ. ತುಂಬಿದ ಮೇಲೆ ಇಬ್ಬರು ಹಿಡಿದರೂ ಮೆಟ್ಟಿಲು ಹತ್ತಿಸುವುದು ಕಷ್ಟ. ಮೂವರಿರುವ ಕೋಣೆಗೆ 30 ಇಂಚು ಸಾಕು. ಅಂಗಡಿಗೆ ಹೊರಡುವ ಮೊದಲು ಮಂಚದ ಪಟ್ಟಿಯಿಂದ ನೆಲದವರೆಗೆ ಎಷ್ಟು ಎತ್ತರ ಇದೆ ಅಂತ ದಾರ ಹಿಡಿದು ಅಳೆದುಕೊಂಡು ಹೋಗಿ. ಹಾಸಿಗೆ ಮೇಲೆ ಮನುಷ್ಯ ಮಲಗಿದಾಗ ಪಟ್ಟಿ ಬಗ್ಗುತ್ತದೆ, ಎರಡು ಇಂಚು ಕಳೆಯಿರಿ. ಒಳಗೆ ತೂರುವುದೇ ಇಲ್ಲ ಅಂತಾದರೆ ಟ್ರಂಕು ಕಾಲುದೆಸೆಯಲ್ಲಿ ನಿಲ್ಲುತ್ತದೆ, ಕೋಣೆಯಲ್ಲಿ ಓಡಾಡುವ ದಾರಿ ಹೋಗುತ್ತದೆ.

ಶಿವಾಜಿನಗರದ ಕಡೆ ಅಂಗಡಿಯಲ್ಲಿ ಟ್ರಂಕು ಕೇಳಿದರೆ ಎದುರಿಗೆ ಬರುವುದು ಹೊಳೆಯುವ ಬಣ್ಣದ್ದು. ಬಣ್ಣ ನೋಡಬೇಡಿ. "ಎಷ್ಟು ಗೇಜು?" ಅಂತ ಕೇಳಿ. ಸಂಖ್ಯೆ ಏರಿದಷ್ಟೂ ತಗಡು ತೆಳು. 22 ಗೇಜು ಅಂದರೆ ಮುಕ್ಕಾಲು ಮಿಲಿಮೀಟರಿನ ಆಸುಪಾಸು, 24 ಅಂದರೆ ಅದಕ್ಕಿಂತ ತೆಳು. ಮುಚ್ಚಳದ ನಡುವೆ ಹೆಬ್ಬೆರಳಿಟ್ಟು ಒತ್ತಿ. ಟಪ್ ಅಂತ ಒಳಗೆ ಹೋಗಿ ಟಪ್ ಅಂತ ಮೇಲೆ ಬಂದರೆ ಅದು ತೆಳು ತಗಡು, ಅಂಗಡಿಯವರು ಏನೇ ಹೇಳಲಿ. ಆಮೇಲೆ ಮೊಬೈಲಿನ ಟಾರ್ಚು ಹಾಕಿ ಒಳಗಿಟ್ಟು ಮುಚ್ಚಳ ಮುಚ್ಚಿ, ಅಂಗಡಿಯ ಕತ್ತಲೆ ಮೂಲೆಗೆ ತಿರುಗಿಸಿ ನೋಡಿ. ಮೂಲೆಗಳಲ್ಲಿ ಬೆಳಕು ಗೆರೆಯಾಗಿ ಕಂಡರೆ ಅದೇ ದಾರಿಯಲ್ಲಿ ಇರುವೆ ಬರುತ್ತದೆ, ಜಿರಲೆ ಮರಿ ಬರುತ್ತದೆ. ಹಿಡಿಯ ರಿವೆಟ್ಟು ಒಳಗಡೆ ಚಪ್ಪಟೆಯಾಗಿದೆಯಾ ಅಂತ ಕೈಯಾಡಿಸಿ. ಮೊನೆ ಉಳಿದಿದ್ದರೆ ಜರ್ಸಿಯ ಎಳೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ತಳ. ಟ್ರಂಕಿಗೆ ತುಕ್ಕು ಶುರುವಾಗುವುದು ತಳದ ಅಂಚಿಂದ, ಕೋಣೆ ಒರೆಸಿದ ನೀರು ಅಲ್ಲೇ ನಿಲ್ಲುತ್ತದೆ. ತಂದ ದಿನವೇ ತಳಕ್ಕೆ ಒಂದು ಕೈ ರೆಡ್ ಆಕ್ಸೈಡ್ ಬಳಿದು, ನಾಲ್ಕು ಮೂಲೆಗೂ ಹಳೇ ಟೈರಿನ ತುಂಡು ಅಂಟಿಸಿಬಿಟ್ಟರೆ ತುಕ್ಕೂ ಇಲ್ಲ, ರಾತ್ರಿ ಎಳೆದಾಗ ಪಕ್ಕದ ಮಂಚದವನ ಬೈಗುಳವೂ ಇಲ್ಲ.

ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು ಬರೆಸುವ ವಾಡಿಕೆ ಇದೆ. ರ್‍ಯಾಂಕ್ ಬರೆಸುವುದಾದರೆ ಪಕ್ಕದಲ್ಲಿ ಜಾಗ ಬಿಡಿ. ಲ್ಯಾನ್ಸ್ ನಾಯಕ್ ಆದ ಸಂತೋಷಕ್ಕೆ ಮೊದಲು ಬಳಿಯುವುದು ಟ್ರಂಕಿಗೇ.

ಪ್ಲಾಸ್ಟಿಕ್ ಡಬ್ಬಕ್ಕೆ ಒಂದು ಕೆಲಸ ಮಾತ್ರ ಕೊಡಿ: ಬೂಟ್ ಪಾಲಿಶ್, ಬ್ರಷ್ಷು, ಬ್ರಾಸೋ, ಸೋಪು, ಕೊಬ್ಬರಿ ಎಣ್ಣೆ. ಸೋರುವ, ವಾಸನೆ ಬರುವ ಯಾವುದೂ ಟ್ರಂಕಿನೊಳಗೆ ಹೋಗಬಾರದು. ಇದಕ್ಕೆ ದೊಡ್ಡ ಡಬ್ಬ ಬೇಡ, ಖಾಲಿಯಾದ ಐಸ್‌ಕ್ರೀಂ ಡಬ್ಬವಾದರೂ ನಡೆಯುತ್ತದೆ.

ಬೀರುವಿನಲ್ಲಿ ತೂಗುಹಾಕುವುದಾ, ಮಡಚುವುದಾ, ಸುತ್ತುವುದಾ

ಬೀರು ಕಿರಿದು. ಒಳಗೆ ಒಂದು ಸರಳು, ಮೇಲೊಂದು ಹಲಗೆ. ಹುಡುಗರು ಇಸ್ತ್ರಿ ಮಾಡಿಸಿದ್ದನ್ನೆಲ್ಲ ಅದೇ ಸರಳಿಗೆ ತೂಗುಹಾಕುತ್ತಾರೆ, ಒಂದಕ್ಕೊಂದು ಒತ್ತಿಕೊಂಡು ಇಸ್ತ್ರಿ ಹಾಳಾಗುತ್ತದೆ. ದೋಬಿಗೆ ಕೊಟ್ಟ ದುಡ್ಡೂ ಹೋಯಿತು.

ತೂಗುಹಾಕಬೇಕಾದ್ದು ಎರಡೇ: ನಾಳೆ ಹಾಕಿಕೊಳ್ಳುವ ಜೊತೆ, ಮತ್ತು ಸೆರಮೋನಿಯಲ್ ಬಟ್ಟೆ. ಬೆಂಗಳೂರಿನಲ್ಲಿ ಈ ಎರಡನೆಯದಕ್ಕೆ ಕೆಲಸ ಇದ್ದೇ ಇರುತ್ತದೆ. ಸೇನಾ ದಿನದ ಪರೇಡು ಮೊದಲ ಬಾರಿಗೆ ದೆಹಲಿ ಬಿಟ್ಟು ಹೊರಗೆ ನಡೆದದ್ದು 2023ರಲ್ಲಿ, ಇಲ್ಲೇ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರಿನ ಮೈದಾನದಲ್ಲಿ. ಅಷ್ಟು ದೊಡ್ಡದಲ್ಲದಿದ್ದರೂ ಹೊಸ ಸಿಪಾಯಿಗಳು ಪ್ರತಿಜ್ಞೆ ಮಾಡುವ ಕಸಂ ಪರೇಡು, ಗಾರ್ಡ್ ಆಫ್ ಆನರ್ ಅಂತ ಏನಾದರೊಂದು ಬರುತ್ತಲೇ ಇರುತ್ತದೆ. ಇವಕ್ಕೆ ತಂತಿ ಹ್ಯಾಂಗರ್ ಬೇಡ. ಭುಜದಲ್ಲಿ ಗುಬುಟು ಬೀಳುತ್ತದೆ, ಮಳೆಗಾಲದಲ್ಲಿ ತಂತಿಯ ತುಕ್ಕು ಕಾಲರಿಗೆ ಅಂಟುತ್ತದೆ. ಅಗಲ ಭುಜದ ಪ್ಲಾಸ್ಟಿಕ್ಕಿನದು ಎರಡೋ ಮೂರೋ ಸಾಕು.

2022ರ ಸೇನಾ ದಿನದಂದು ಮೊದಲು ಕಂಡ ಡಿಜಿಟಲ್ ವಿನ್ಯಾಸದ ಕಾಂಬ್ಯಾಟ್ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತದ್ದು. ಅಂಗಿ ಪ್ಯಾಂಟಿನೊಳಗೆ ತುರುಕುವ ಹಾಗಿಲ್ಲ, ಹಳೇ ಹತ್ತಿ ಬಟ್ಟೆಯ ಹಾಗೆ ಗಂಜಿಯೂ ಬೇಡ. ಮಡಚಿ ಹಲಗೆ ಮೇಲಿಟ್ಟರೂ ಅಷ್ಟೇನೂ ಮುದುಡುವುದಿಲ್ಲ. ಗಂಜಿ ಹಾಕಿದ ಹಳೇ ಜೊತೆ ಇನ್ನೂ ಇಟ್ಟುಕೊಂಡಿದ್ದರೆ ಒಗೆದು ಗಂಜಿ ತೆಗೆದೇ ಒಳಗಿಡಿ. ಹಳೇ ಪುಸ್ತಕದೊಳಗೆ ಸರಕ್ಕನೆ ಓಡುವ ಬೆಳ್ಳಿ ಬಣ್ಣದ ಹುಳಕ್ಕೆ ಗಂಜಿ ಅಂದರೆ ಪ್ರಾಣ.

ಸರಳಿಗೆ ನೇತುಹಾಕುವ ಬಟ್ಟೆಯ ಖಾನೆಗಳು, ನಾಲ್ಕೈದು ಅಂತಸ್ತಿನವು, ಈಗ ಎಲ್ಲಾ ಕಡೆ ಸಿಗುತ್ತವೆ. ಮಡಚಿದರೆ ಒಂದು ಟವೆಲ್ಲಿನಷ್ಟೇ ಜಾಗ, ಹಾಗಾಗಿ ರೈಲು ಹತ್ತುವ ಪ್ರಶ್ನೆಯಲ್ಲಿ ಪಾಸು. ಆದರೆ ಕಿರಿದಾದ ಬೀರುವಿನಲ್ಲಿ ಅದೊಂದೇ ಅರ್ಧ ಸರಳನ್ನು ನುಂಗುತ್ತದೆ. ನಿಮ್ಮ ಬೀರುವಿನಲ್ಲಿ ಹಲಗೆಯೇ ಇಲ್ಲದಿದ್ದರೆ ತಗೊಳ್ಳಿ, ಹಲಗೆ ಇದ್ದರೆ ದಂಡ.

ಪಿಟಿ ಬಟ್ಟೆಯನ್ನು ಮಾತ್ರ ಸುತ್ತಿಡಬೇಕು, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಟೀ ಶರ್ಟನ್ನು ಹಾಸಿಗೆ ಮೇಲೆ ಚಪ್ಪಟೆಯಾಗಿ ಹಾಸಿ. ಕೆಳ ಅಂಚನ್ನು ನಾಲ್ಕು ಬೆರಳಗಲ ಹೊರಮಗ್ಗುಲಿಗೆ ಮಡಚಿ, ಒಳಮೈ ಕಾಣುವ ಹಾಗೆ. ಎರಡೂ ಪಕ್ಕಗಳನ್ನು ತೋಳು ಸಮೇತ ನಡುವಿಗೆ ತನ್ನಿ. ಅದರ ಮೇಲೆ ಉದ್ದಕ್ಕೆ ಮಡಚಿದ ಚಡ್ಡಿ, ಒಳಉಡುಪು, ಒಂದು ಜೊತೆ ಕಾಲುಚೀಲ. ಈಗ ಕುತ್ತಿಗೆ ಕಡೆಯಿಂದ ಬಿಗಿಯಾಗಿ ಸುತ್ತುತ್ತಾ ಬನ್ನಿ. ಕೊನೆಯಲ್ಲಿ ಆ ನಾಲ್ಕು ಬೆರಳಿನ ಮಡಿಕೆ ಜೇಬಿನ ಹಾಗೆ ಉಳಿದಿರುತ್ತದೆ, ಅದನ್ನು ತಿರುವಿ ಸುರುಳಿಗೇ ಹೊದಿಸಿ. ಎಸೆದರೂ ಬಿಚ್ಚಿಕೊಳ್ಳುವುದಿಲ್ಲ. ಇಂಥವು ಐದಾರು ಸಾಲಾಗಿ ಇಟ್ಟರೆ ವಾರದ ಪಿಟಿ ಮುಗಿಯಿತು. ನಾಲ್ಕೂವರೆಗೆ ಎದ್ದು ಕತ್ತಲಲ್ಲಿ ಒಂದು ಸುರುಳಿ ಎಳೆದರೆ ಕಾಲುಚೀಲದ ಸಮೇತ ಕೈಗೆ ಬರುತ್ತದೆ. ಸಮವಸ್ತ್ರಕ್ಕೆ ಈ ಉಪಾಯ ಬೇಡ, ಸುತ್ತಿದ ಅಂಗಿಯ ತೋಳಿನಲ್ಲಿ ಅಡ್ಡಗೆರೆ ಬೀಳುತ್ತದೆ.

ಬೆಂಗಳೂರಿನ ತೇವ

ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಮಂಗಳೂರಿನ ಹಾಗೆ ವರ್ಷವಿಡೀ ಬೆವರು ಸುರಿಯುವುದಿಲ್ಲ. ಹಾಗಂತ ಮೋಸ ಹೋಗಬೇಡಿ. ಆಗಸ್ಟಿಂದ ಅಕ್ಟೋಬರ್ ತನಕ ಮಳೆ, ಅದರಲ್ಲೂ ಸೆಪ್ಟೆಂಬರಿನಲ್ಲಿ ಜಾಸ್ತಿ. ದಿನಗಟ್ಟಲೆ ಬಿಸಿಲು ಕಾಣದೆ ಮೋಡ ಕವಿದಿರುತ್ತದೆ. ದಂಡು ಪ್ರದೇಶ ಶುರುವಾದದ್ದು 1809ರಲ್ಲಿ, ಮದ್ರಾಸ್ ಸ್ಯಾಪರ್ಸ್ (ಈಗಿನ ಎಂಇಜಿ) ಇಲ್ಲಿಗೆ ಬಂದದ್ದು 1834ರಲ್ಲಿ. ಹಳೇ ಕಟ್ಟಡಗಳ ದಪ್ಪ ಗೋಡೆ ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಅದೇ ಗೋಡೆ ತೇವ ಹಿಡಿದು ಬಿಡುವುದಿಲ್ಲ. ಹಲಸೂರು ಕೆರೆಯ ಪಕ್ಕದ ನೆಲಮಹಡಿಯಲ್ಲಿದ್ದರೆ ಕೇಳುವುದೇ ಬೇಡ.

ಬೂಷ್ಟು ಎಲ್ಲಿ ಮೊದಲು ಬರುತ್ತದೆ ಗೊತ್ತಾ? ಬೆರೆಟ್ ಟೋಪಿಯ ಒಳಗಿನ ಚರ್ಮದ ಪಟ್ಟಿಯಲ್ಲಿ. ಹಣೆಯ ಬೆವರು ಅಲ್ಲೇ ಇಂಗಿರುತ್ತದೆ. ಸೆಪ್ಟೆಂಬರಿನಲ್ಲಿ ಹತ್ತು ದಿನ ರಜೆಗೆ ಹೋಗಿ ಬಂದು ಬೀರು ತೆಗೆದರೆ ಮುಗ್ಗಲು ವಾಸನೆ, ಪಟ್ಟಿಯ ಸುತ್ತ ಬೂದು ಬಣ್ಣದ ಉಂಗುರ. ಆಮೇಲೆ ಬೆಲ್ಟು, ಆಮೇಲೆ ಬೂಟಿನ ನಾಲಿಗೆ. ಒಣಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ನೆರಳಿನಲ್ಲಿಟ್ಟರೆ ಹೋಗುತ್ತದೆ. ಆದರೆ ರಜೆಗೆ ಹೋಗುವ ಮೊದಲೇ ಬೆರೆಟ್ಟನ್ನು ಬೀರುವಿನಿಂದ ತೆಗೆದು ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಟ್ಟು ಹೋಗುವುದು ಜಾಣತನ. ಬಣ್ಣ ಬದಲಾಗುವ ಸಿಲಿಕಾ ಜೆಲ್ ಕೊಳ್ಳಿ: ನೀಲಿಯದು ತೇವ ಹೀರಿ ಗುಲಾಬಿಯಾಗುತ್ತದೆ, ಕಿತ್ತಳೆಯದು ಹಸಿರಾಗುತ್ತದೆ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಬಿಳಿಯದು ಸತ್ತಿದೆಯೋ ಬದುಕಿದೆಯೋ ಗೊತ್ತೇ ಆಗುವುದಿಲ್ಲ.

ಜರ್ಸಿ, ಉಣ್ಣೆ ಅಂಗಿ, ಕಂಬಳಿಯ ಕಥೆ ಬೇರೆ. ಬೆಂಗಳೂರಿನಲ್ಲಿ ಇವಕ್ಕೆ ಡಿಸೆಂಬರ್, ಜನವರಿ ಬೆಳಗ್ಗೆ ಬಿಟ್ಟರೆ ಕೆಲಸವಿಲ್ಲ. ವರ್ಷವಿಡೀ ತಳದಲ್ಲಿ ಬಿದ್ದಿದ್ದು, ಜಮ್ಮುವಿಗೋ ತವಾಂಗಿಗೋ ಪೋಸ್ಟಿಂಗ್ ಬಂದ ದಿನ ತೆಗೆದರೆ ತೂತು. ನುಸಿಯ ಮರಿ ತಿನ್ನುವುದು ಉಣ್ಣೆಯನ್ನು, ಅದರಲ್ಲೂ ಬೆವರು, ಸಾರಿನ ಕಲೆ ಇರುವ ಜಾಗವನ್ನು. ಹಾಗಾಗಿ ಮೊದಲ ಔಷಧಿ ಒಗೆತ, ಎರಡನೆಯದು ಬಿಸಿಲು. ಆಮೇಲೆ ಏನು ಹಾಕಬೇಕು ಎನ್ನುವ ಪ್ರಶ್ನೆ.

ನುಸಿಗುಳಿಗೆ ಕೆಲಸ ಮಾಡುವುದು ಆವಿಯಾಗಿ. ಆ ಆವಿ ಗಾಳಿಗಿಂತ ಭಾರ, ಕೆಳಕ್ಕೆ ಇಳಿಯುತ್ತದೆ. ಆದ್ದರಿಂದ ಗುಳಿಗೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಉಣ್ಣೆಯ ಮೇಲಿಡಬೇಕು, ತಳದಲ್ಲಲ್ಲ. ಬಿಗಿಯಾಗಿ ಮುಚ್ಚುವ ಟ್ರಂಕಿನಲ್ಲಿ ಮಾತ್ರ ಇದಕ್ಕೆ ಅರ್ಥ. ಗಾಳಿ ಕಿಂಡಿ ಇರುವ ಬೀರುವಿನಲ್ಲಿ ಹಾಕಿದರೆ ನುಸಿಗೆ ಏನೂ ಆಗುವುದಿಲ್ಲ, ಮೂವರು ರಾತ್ರಿಯಿಡೀ ಅದನ್ನೇ ಉಸಿರಾಡುತ್ತೀರಿ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಬೇವಿನ ಸೊಪ್ಪು ನಮ್ಮ ಅಜ್ಜಿಯಂದಿರ ಉಪಾಯ, ಹಾನಿ ಇಲ್ಲ, ಆದರೆ ಗರಿಗರಿ ಒಣಗಿಸದೆ ಹಾಕಿದರೆ ಸೊಪ್ಪಿನ ತೇವವೇ ಬೂಷ್ಟಿಗೆ ದಾರಿ. ನನ್ನ ಆಯ್ಕೆ ಟ್ರಂಕಿಗೆ ಗುಳಿಗೆ, ಬೀರುವಿಗೆ ಬೇವು.

ಗಾಳಿ ಎಳೆದು ಚಪ್ಪಟೆ ಮಾಡುವ ವ್ಯಾಕ್ಯೂಮ್ ಚೀಲಕ್ಕೆ ಮರುಳಾಗಬೇಡಿ. ಜಾಗ ಉಳಿಯುವುದು ನಿಜ. ಆದರೆ ಒಳಗೆ ಸ್ವಲ್ಪ ತೇವ ಉಳಿದಿದ್ದರೂ ಅಲ್ಲೇ ಕೊಳೆಯುತ್ತದೆ. ಸ್ಲೀಪಿಂಗ್ ಬ್ಯಾಗನ್ನು, ಗರಿ ತುಂಬಿದ ಕೋಟನ್ನು ತಿಂಗಳುಗಟ್ಟಲೆ ಅದುಮಿಟ್ಟರೆ ಉಬ್ಬು ಹೋಗಿ ಬಿಸಿ ಹಿಡಿದಿಡುವ ಶಕ್ತಿ ಕುಗ್ಗುತ್ತದೆ.

ಹಿತ್ತಾಳೆ ಬ್ಯಾಡ್ಜು, ಬಕಲುಗಳಿಗೆ ಬ್ರಾಸೋ ಹಾಕಿ ಉಜ್ಜಿದ ಮೇಲೆ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ. ರಬ್ಬರ್ ಬ್ಯಾಂಡ್ ಬಿಗಿಯಬೇಡಿ, ಅದರಲ್ಲಿರುವ ಗಂಧಕ ಹಿತ್ತಾಳೆಯನ್ನು ಕಪ್ಪು ಮಾಡುತ್ತದೆ.

ಬಿಗ್ ಪ್ಯಾಕೇ ಒಂದು ಕಪಾಟು

ಕೋಣೆಯಲ್ಲಿ ಜಾಗ ತಿನ್ನುವುದು ಬಟ್ಟೆಗಿಂತ ಹೆಚ್ಚಾಗಿ ಖಾಲಿ ಬ್ಯಾಗುಗಳು. ಬಿಗ್ ಪ್ಯಾಕನ್ನು ಖಾಲಿ ಮಾಡಿ ಮಂಚದ ಕೆಳಗೆ ಹಾಕಿ, ಅದರೊಳಗಿನದನ್ನು ಬೀರುವಿನಲ್ಲಿಟ್ಟು ಜಾಗ ಇಲ್ಲ ಅನ್ನುವವರನ್ನು ಏನೆನ್ನಬೇಕು. ಫೀಲ್ಡಿಗೆ ಬೇಕಾದ್ದು ಅದರಲ್ಲೇ ಇರಲಿ: ಪೋಂಚೋ, ಗ್ರೌಂಡ್ ಶೀಟು, ಮೆಸ್ ಟಿನ್ನು, ಸೂಜಿದಾರ, ಟಾರ್ಚು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಎರಡು ಜೊತೆ ಕಾಲುಚೀಲ. ಬ್ಯಾಟರಿಯನ್ನು ಮಾತ್ರ ಟಾರ್ಚಿನಿಂದ ಹೊರಗಿಡಿ, ಸೋರಿದರೆ ಸ್ಪ್ರಿಂಗು ಹಾಳು. ಫಾಲ್ ಇನ್ ಅಂತ ಕೂಗಿದಾಗ ನೀರಿನ ಬಾಟಲಿ ತುಂಬಿಸಿಕೊಂಡು ಹೊರಟರಾಯಿತು.

ಮೇಲಿಂದ ಮಾತ್ರ ಬಾಯಿ ತೆರೆಯುವ ಕಿಟ್ ಬ್ಯಾಗಿನಲ್ಲಿ ತಳದ ಸಾಮಾನು ಬೇಕಾದರೆ ಎಲ್ಲಾ ಹೊರಗೆ ಸುರಿಯಬೇಕು. ಅದನ್ನು ವರ್ಷಕ್ಕೊಮ್ಮೆ ಬೇಕಾಗುವ ಸಾಮಾನಿಗೆ ಬಿಡಿ. ಹಾಸಿಗೆ ಸುತ್ತಿ ಒಯ್ಯುವ ಬಿಸ್ತರ್‌ಬಂದನ್ನು ಖಾಲಿ ಸುತ್ತಿಡುವ ಬದಲು ಹೆಚ್ಚುವರಿ ಕಂಬಳಿ, ಚಾದರ ಅದರೊಳಗೇ ಹಾಕಿ ಬಿಗಿದುಬಿಡಿ.

ಬೂಟು, ಗೋಡೆ, ಬೀಗ

ಬೂಟಿಗೆ ರ್‍ಯಾಕ್ ಕೊಳ್ಳುವುದು ಬೇಡ, ಮಂಚದ ಕೆಳಗೆ ಟ್ರಂಕಿನ ಮುಂದೆ ಸಾಲಾಗಿ ನಿಂತರೆ ಇನ್ಸ್‌ಪೆಕ್ಷನ್ನಿಗೂ ಅದೇ ಸರಿ. ಒದ್ದೆ ಬೂಟಿನೊಳಗೆ ಪತ್ರಿಕೆಯ ಹಾಳೆ ಉಂಡೆ ಮಾಡಿ ತುರುಕಿ, ಒಂದೆರಡು ಗಂಟೆಗೊಮ್ಮೆ ಬದಲಿಸಿ. ಹೀಟರಿನ ಮುಂದಿಟ್ಟರೆ ಚರ್ಮ ಬಿರಿಯುತ್ತದೆ. ಒದ್ದೆ ಬೂಟನ್ನು ಚೀಲದಲ್ಲಿ ಕಟ್ಟಿಡುವವರ ಪಕ್ಕದ ಮಂಚ ಯಾರಿಗೂ ಬೇಡ.

ಅಂಟಿಸುವ ಹುಕ್ಕುಗಳು ಸುಣ್ಣ ಬಳಿದ ಗೋಡೆಯಲ್ಲಿ ನಿಲ್ಲುವುದಿಲ್ಲ, ಸುಣ್ಣದ ಪೊರೆ ಸಮೇತ ಕಿತ್ತು ಬರುತ್ತವೆ. ಮೊಳೆ ಹೊಡೆದರೆ ಕೇಳುವವರಿದ್ದಾರೆ. ಬಾಗಿಲಿನ ಮೇಲಂಚಿಗೆ ಸಿಕ್ಕಿಸುವ ಕೊಕ್ಕೆ ಪಟ್ಟಿ ಒಂದು ಸಾಕು, ಟವೆಲ್ಲಿಗೆ. ಸೊಳ್ಳೆಪರದೆ ಕಟ್ಟುವ ಕಂಬಿಗೆ ಬಟ್ಟೆ ಒಣಹಾಕುವ ಅಭ್ಯಾಸ ಮಾಡಿಕೊಳ್ಳಬೇಡಿ. ಕೋಣೆಯ ತೇವ ಅರ್ಧ ಬರುವುದೇ ಅಲ್ಲಿಂದ.

ಬೀಗಕ್ಕೆ ನಂಬರಿನದಾ, ಕೀಲಿಯದಾ ಅಂದರೆ ಕೀಲಿಯದೇ. ಕತ್ತಲಲ್ಲಿ ನಂಬರು ಕಾಣುವುದಿಲ್ಲ, ಪಕ್ಕದವನಿಗೆ ಬಾಯಿಪಾಠವಾಗಿರುತ್ತದೆ. ಒಂದೇ ಕೀಲಿಗೆ ತೆರೆಯುವ ಜೋಡಿ ಬೀಗ ಸಿಗುತ್ತವೆ, ಒಂದು ಟ್ರಂಕಿಗೆ, ಒಂದು ಬೀರುವಿಗೆ. ಎರಡನೇ ಕೀಲಿಯನ್ನು ಬಿಸ್ತರ್‌ಬಂದಿನ ಒಳಹೊಲಿಗೆಯಲ್ಲಿ ಹೊಲಿದಿಡಿ. ಮೊದಲನೆಯದನ್ನು ಜೇಬಿಲ್ಲದ ಪಿಟಿ ಚಡ್ಡಿಯಲ್ಲಿ ಓಡುವಾಗ ಎಲ್ಲಿಡುವುದು ಅಂತ ಕೇಳುತ್ತೀರಿ. ಉಡಿದಾರ ಕಟ್ಟುವ ರೂಢಿ ಇರುವ ನಮ್ಮ ಕಡೆಯ ಹುಡುಗರಿಗೆ ಆ ಚಿಂತೆ ಇಲ್ಲ.